ಆಡು ಮುಟ್ಟದ ಸೊಪ್ಪಿಲ್ಲ, ಆದ್ರೆ ಮೊಲ ಆಡು ಅಲ್ಲ



ಹೋದ ವಾರ ಹಿಪ್ಪುನೇರಳೆ ತೋಟದ ಫೋಟೊ ಹಾಕಿದ್ದೆ. ಅದರ ಮೂಲೇಲಿ ನಮ್ಮನೆ ಬಿಳಿ ಮೊಲ ಕೂತಿತ್ತು. ತೋಟದ ಬಗ್ಗೆ ಕೇಳಿದೋರು ನಾಲ್ಕು ಜನ, ಮೊಲದ ಬಗ್ಗೆ ಕೇಳಿದೋರು ಇಪ್ಪತ್ತು ಜನ! "ಅದಕ್ಕೆ ಏನಣ್ಣ ಹಾಕ್ತೀರಾ?", "ನಮ್ಮ ಮಕ್ಕಳೂ ಸಂತೆಯಿಂದ ಒಂದು ಜೋಡಿ ತಂದವ್ರೆ, ಬಿಸ್ಕತ್ತು ಚೆನ್ನಾಗಿ ತಿಂತವೆ, ಪರವಾಗಿಲ್ವಾ?", "ಮೇಕೆಗೆ ತರೋ ಸೊಪ್ಪನ್ನೇ ಹಾಕಬಹುದಾ?" ಅಂತೆಲ್ಲ. ಒಬ್ಬೊಬ್ರಿಗೂ ಫೋನಲ್ಲಿ ಹೇಳೋ ಬದಲು ಒಂದೇ ಕಡೆ ಬರೆದಿಡೋಣ ಅಂತ ಕೂತೆ. ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ಮೊದಲೇ ಎರಡು ಮಾತು. ಇದು ಮಾಂಸಕ್ಕೆ ಮೊಲ ಸಾಕೋ ಶೆಡ್ಡಿನ ಲೆಕ್ಕಾಚಾರ ಅಲ್ಲ. ಮನೇಲಿ ಮಕ್ಕಳ ಜೊತೆ ಬೆಳೆಯೋ ಒಂದೆರಡು ಮೊಲಕ್ಕೆ ನಾವು ಪ್ರೀತಿಯಿಂದ ಕೈಯಲ್ಲಿ ಕೊಡ್ತೀವಲ್ಲ, ಆ ತಿಂಡಿಯ ವಿಷಯ. ಇನ್ನೊಂದು, ರಾಗಿ ಕೊಯ್ಯುವಾಗ ತೆನೆ ಮಧ್ಯೆ ಸಿಗೋ ಕಾಡುಮೊಲದ ಮರೀನ ದಯವಿಟ್ಟು ಮನೆಗೆ ತರಬೇಡಿ. ಅದು ಬೇರೆ ಜಾತಿ, ನಮ್ಮ ಕೈಯಲ್ಲಿ ಬದುಕೋದು ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನ ಹಿಡಿದು ಸಾಕೋದು ಅಪರಾಧ ಕೂಡ. ಸಿಕ್ಕಿದ ಜಾಗದಲ್ಲೇ ಬಿಟ್ಟುಬಿಡಿ, ತಾಯಿ ಹತ್ತಿರದಲ್ಲೇ ಎಲ್ಲೋ ಇರುತ್ತೆ.

ಈಗ ಮುಖ್ಯ ವಿಷಯ. "ಆಡು ಮುಟ್ಟದ ಸೊಪ್ಪಿಲ್ಲ" ಅಂತ ಗಾದೆ ಇದೆಯಲ್ಲ, ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ಮೊಲ ಸಾಕೋರು ಆ ಗಾದೇನ ಮೊಲಕ್ಕೂ ಹಚ್ಚಿಬಿಟ್ಟಿದ್ದಾರೆ. ಮೇಕೆ ತಿಂದ್ರೆ ಮೊಲಾನೂ ತಿನ್ನಬಹುದು ಅನ್ನೋ ಧೈರ್ಯ. ಎರಡೂ ಸೊಪ್ಪು ತಿನ್ನೋ ಪ್ರಾಣಿಗಳೇ, ಆದ್ರೆ ಹೊಟ್ಟೆ ಕಟ್ಟಿರೋ ರೀತಿ ಬೇರೆ.

ಆಡು, ಕುರಿ, ದನ ಇವೆಲ್ಲ ಮೆಲುಕು ಹಾಕೋವು. ತಿಂದ ಸೊಪ್ಪು ಮೊದಲು ಹೋಗೋದು ದೊಡ್ಡ ಹೊಟ್ಟೆಗೆ. ಅಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ಕೊಳೆಸಿ, ಮುರಿದು, ಎಷ್ಟೋ ಸಲ ಸೊಪ್ಪಿನಲ್ಲಿರೋ ವಿಷಾನೂ ಮುರಿದು ಮುಂದಕ್ಕೆ ಕಳಿಸ್ತವೆ. ಮೊಲದ್ದು ಉಲ್ಟಾ. ಅದರ ಹೊಟ್ಟೆ ನಮ್ಮ ಹಾಗೆ ಒಂದೇ ಚೀಲ. ಸೂಕ್ಷ್ಮಜೀವಿಗಳು ಕೆಲಸ ಮಾಡೋ ತೊಟ್ಟಿ ಹಿಂದೆ, ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗೋ ಕಡೆ ಇರುತ್ತೆ. ಅಂದ್ರೆ ಸೊಪ್ಪಿನಲ್ಲಿ ವಿಷ ಇದ್ರೆ ಆ ತೊಟ್ಟಿ ತಲುಪೋ ಮೊದಲೇ ರಕ್ತಕ್ಕೆ ಸೇರಿರುತ್ತೆ. ಇದರ ಜೊತೆಗೆ ಇನ್ನೊಂದು ಕಷ್ಟ: ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ. ನಾಯಿ ಏನಾದ್ರೂ ಕೆಟ್ಟದ್ದು ತಿಂದ್ರೆ ಕಕ್ಕುತ್ತೆ. ಮೊಲ ನುಂಗಿದ್ದು ನುಂಗಿದ ಹಾಗೇ, ಹಿಂದಕ್ಕೆ ಬರೋ ದಾರಿ ಇಲ್ಲ.

ಇದಕ್ಕೆ ನಮ್ಮ ಬೇಲಿಯಲ್ಲೇ ಒಳ್ಳೆ ಉದಾಹರಣೆ ಇದೆ, ಸುಬಾಬುಲ್. ಅದರಲ್ಲಿ ಮೈಮೋಸಿನ್ ಅನ್ನೋ ವಿಷ ಇದೆ. ನಮ್ಮ ಮೇಕೆಗಳು ತಿಂದು ಅರಗಿಸ್ಕೊಳ್ತವೆ, ಯಾಕಂದ್ರೆ ಅದನ್ನ ಮುರಿಯೋ ಸೂಕ್ಷ್ಮಜೀವಿ ಅವುಗಳ ಹೊಟ್ಟೇಲಿ ಇದೆ. ಆಸ್ಟ್ರೇಲಿಯಾದ ದನಗಳಲ್ಲಿ ಅದು ಇರಲಿಲ್ಲ, ಸುಬಾಬುಲ್ ತಿಂದು ಕೂದಲು ಉದುರಿ ಸೊರಗ್ತಿದ್ವು. 1980ರ ದಶಕದಲ್ಲಿ ವಿಜ್ಞಾನಿಗಳು ಹವಾಯಿ ದ್ವೀಪದ ಮೇಕೆಗಳ ಹೊಟ್ಟೆಯಿಂದ ಆ ಸೂಕ್ಷ್ಮಜೀವಿ ತೆಗೆದು ಅಲ್ಲಿನ ದನಗಳಿಗೆ ಕೊಟ್ಟ ಮೇಲೆ ತೊಂದರೆ ತಪ್ಪಿತು. ದನಕ್ಕೇ ಹೀಗಾದ್ರೆ ಎರಡು ಕೆಜಿ ಮೊಲದ ಗತಿ ಏನು? ಇನ್ನೊಂದು ಗೊಬ್ಬರದ ಗಿಡ, ಗ್ಲಿರಿಸಿಡಿಯಾ. ಆ ಲ್ಯಾಟಿನ್ ಹೆಸರಿನ ಅರ್ಥವೇ "ಇಲಿ ಕೊಲ್ಲೋದು" ಅಂತ. ಮೇಕೆ ಮುಂದೆ ಹಾಕಿದ್ರೆ ಮುಗೀತು, ಒಂದೆಲೆ ಬಿಡಲ್ಲ. ಮೊಲದ ಗೂಡಿಗೆ ಮಾತ್ರ ಇವೆರಡೂ ಬೇಡ.

ಹಾಗಾದ್ರೆ ಏನು ಕೊಡೋದು? ತಿಂಡಿ ಯಾವುದು ಅಂತ ನೋಡೋಕೆ ಮುಂಚೆ ಊಟ ಯಾವುದು ಅಂತ ಗೊತ್ತಿರಬೇಕು. ಮೊಲದ ಊಟ ಹುಲ್ಲು. ದಿನಕ್ಕೆ ಎಷ್ಟು ಅಂದ್ರೆ, ಅದರ ಮೈ ಎಷ್ಟು ದಪ್ಪ ಇದೆಯೋ ಅಷ್ಟು ದೊಡ್ಡ ಕಟ್ಟು. ಗರಿಕೆ ಅತ್ಯುತ್ತಮ, ಹಸಿದೂ ಆಗುತ್ತೆ, ನೆರಳಲ್ಲಿ ಒಣಗಿಸಿದ್ದೂ ಆಗುತ್ತೆ. ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ. ಮುಂದಿನ ಹಲ್ಲು ವರ್ಷಕ್ಕೆ 10 ಸೆಂಟಿಮೀಟರ್‌ಗೂ ಹೆಚ್ಚು. ಅದು ಸವೆಯಬೇಕು ಅಂದ್ರೆ ನಾರಿರೋ ಹುಲ್ಲನ್ನ ಗಂಟೆಗಟ್ಟಲೆ ಅಗೀಬೇಕು. ಕರುಳು ಮುಂದಕ್ಕೆ ತಳ್ಳೋಕೂ ಆ ನಾರೇ ಬೇಕು. ಹುಲ್ಲು ಹೊಟ್ಟೆ ತುಂಬ ಹಾಕಿ, ನೀರಿಟ್ಟು, ಆಮೇಲೆ ಸ್ವಲ್ಪ ಸೊಪ್ಪು. ತಿಂಡಿ ಅನ್ನೋದು ಇದೆಲ್ಲ ಆದ ಮೇಲೆ ಬರೋ ಒಂದು ಚಿಟಿಕೆ. ನಮ್ಮೂರಲ್ಲಿ ನಾನು ನೋಡಿರೋ ಹತ್ತು ಮನೇಲಿ ಎಂಟು ಮನೇಲಿ ತಿಂಡಿ ಮೊದಲು, ಹುಲ್ಲು ನೆನಪಾದ್ರೆ.

ನಮ್ಮ ಮೊಲಾನೂ ಅದೇ ಅಭ್ಯಾಸದಲ್ಲಿ ಬಂದಿತ್ತು. ಬೆಂಗಳೂರಲ್ಲಿರೋ ನನ್ನ ತಂಗಿ ಬಾಡಿಗೆ ಮನೇಲಿ ಸಾಕೋಕಾಗದೆ ತಂದುಬಿಟ್ಟಳು. ಅಲ್ಲಿ ಅದಕ್ಕೆ ಬೆಳಗ್ಗೆ ರಸ್ಕು, ಸಂಜೆ ಬ್ರೆಡ್ಡು. ಹುಲ್ಲು ಕಂಡ್ರೆ ಮೂಸಿ ಮುಖ ತಿರುಗಿಸೋದು. ಒಂದೇ ದಿನಕ್ಕೆ ನಿಲ್ಲಿಸಿದ್ರೆ ಕರುಳು ತಡೆಯಲ್ಲ ಅಂತ ಪಶುವೈದ್ಯರು ಹೇಳಿದ್ರು. ಸುಮಾರು ಎರಡು ವಾರ ರಸ್ಕು ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ, ಗರಿಕೆ ಜೊತೆ ಎರಡು ಎಸಳು ಕೊತ್ತಂಬರಿ ಸೇರಿಸ್ತಾ ಬಂದ್ವಿ. ಈಗ ಗರಿಕೆ ಕಟ್ಟು ಕಂಡ್ರೆ ಎರಡು ಕಾಲ ಮೇಲೆ ನಿಲ್ಲುತ್ತೆ.

ಬಿಸ್ಕತ್ತು, ಬ್ರೆಡ್ಡು, ಅನ್ನ, ಬೆಲ್ಲ ಯಾಕೆ ಬೇಡ ಅಂದ್ರೆ, ಹಿಟ್ಟು ಸಕ್ಕರೆ ಹೆಚ್ಚಾದ್ರೆ ಅದು ಹಿಂದಿನ ತೊಟ್ಟಿಗೆ ಇಳಿದು ಅಲ್ಲಿ ಹುದುಗುತ್ತೆ. ಒಳ್ಳೆ ಸೂಕ್ಷ್ಮಜೀವಿಗಳು ಕಮ್ಮಿಯಾಗಿ ಕೆಟ್ಟವು ಹೆಚ್ಚಾಗ್ತವೆ, ಅವು ವಿಷ ಬಿಡ್ತವೆ. ಗ್ಯಾಸ್ ತುಂಬಿ ಕರುಳು ನಿಂತುಹೋಗುತ್ತೆ, ಇಲ್ಲಾಂದ್ರೆ ಬೇಧಿ ಹತ್ತುತ್ತೆ. ಎರಡರಲ್ಲಿ ಯಾವುದಾದ್ರೂ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು.

ಇದನ್ನ ನಾವು ಕಣ್ಣಾರೆ ನೋಡಿದ್ದು ಈ ಯುಗಾದೀಲಿ. ಮನೆ ತುಂಬ ನೆಂಟರು. ನಾವೆಲ್ಲ ತೋಟದಲ್ಲಿದ್ವಿ, ಮಕ್ಕಳು ಮೊಲದ ಗೂಡಿನ ಸುತ್ತ. ಒಬ್ಬ ಒಬ್ಬಟ್ಟು ಕೊಟ್ಟ, ಇನ್ನೊಬ್ಬಳು ಬಾಳೆಹಣ್ಣು ಕೊಟ್ಟಳು, ಅದು ಖುಷಿಯಾಗಿ ತಿಂತು. ಸಿಹಿ ಕೊಟ್ರೆ ಮೊಲ ಬೇಡ ಅನ್ನಲ್ಲ, ಅದಕ್ಕೆ ಅದರ ಬಾಯಿ ಕೇಳಿ ತಿಂಡಿ ಕೊಡೋಕಾಗಲ್ಲ. ಸಂಜೆ ಮಗಳು ಕೊತ್ತಂಬರಿ ಹಿಡಿದು ಕರೆದ್ರೆ ಮೂಲೇಲಿ ಮುದುಡಿಕೊಂಡು ಕೂತಿದ್ದು ಏಳಲಿಲ್ಲ. ಹಲ್ಲು ಕಡೀತಿತ್ತು. ಗೂಡಲ್ಲಿ ಮಧ್ಯಾಹ್ನದಿಂದ ಒಂದು ಹಿಕ್ಕೆ ಇಲ್ಲ.

ನೆಂಟರೊಬ್ಬರು "ಕರುವಿಗೆ ತಂದಿದ್ದ ಮಾತ್ರೆ ಮಿಕ್ಕಿದೆಯಲ್ಲ, ಕಾಲು ಭಾಗ ಅರೆದು ಹಾಕಿ" ಅಂದ್ರು. ಮಗಳು ತಡೆದು ಡಾಕ್ಟ್ರಿಗೇ ಫೋನ್ ಮಾಡಿದ್ಲು. ಅವರು ಹೇಳಿದ್ದು ನಿಮಗೂ ಗೊತ್ತಿರಲಿ: ಪೆನಿಸಿಲಿನ್ ಜಾತಿಯ ಔಷಧ, ಅಂದ್ರೆ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಇಂಥವು ಮೊಲದ ಬಾಯಿಗೆ ಹೋದ್ರೆ ಕರುಳಿನ ಒಳ್ಳೆ ಜೀವಿಗಳೇ ಸತ್ತು ಮೊಲ ಸಾಯುತ್ತೆ. ದನದ ಮಾತ್ರೆ ಮೊಲಕ್ಕೆ ಯಾವತ್ತೂ ಹಾಕಬಾರದು. ರಾತ್ರಿನೇ ಕರ್ಕೊಂಡು ಬನ್ನಿ ಅಂದ್ರು. ಹೊಟ್ಟೆ ಮುಟ್ಟಿ ನೋಡಿ, ನೋವಿಗೆ ಒಂದು ಇಂಜೆಕ್ಷನ್, ಚರ್ಮದ ಕೆಳಗೆ ದ್ರಾವಣ ಕೊಟ್ರು. "ಬೆಳಗ್ಗೆವರೆಗೆ ನೋಡೋಣ, ಭರವಸೆ ಕೊಡಲ್ಲ" ಅಂದ್ರು. ಮಗಳು ಗೂಡಿನ ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಮಲಗಿದ್ಲು, ಮಲಗಿದ್ಲು ಅನ್ನೋಕಿಂತ ಕೂತಿದ್ಲು. ಮಾರನೇ ದಿನ ಹತ್ತು ಗಂಟೆ ಹೊತ್ತಿಗೆ ಮೆಣಸಿನ ಕಾಳಿನಷ್ಟು ನಾಲ್ಕು ಹಿಕ್ಕೆ ಬಿತ್ತು. ಆ ನಾಲ್ಕು ಹಿಕ್ಕೆ ನೋಡಿ ನಮ್ಮನೇಲಿ ಆದ ಸಂತೋಷ ಗೂಡಿಗೆ ಒಳ್ಳೆ ರೇಟು ಸಿಕ್ಕಿದಾಗಲೂ ಆಗಿರಲಿಲ್ಲ.

ಅದಕ್ಕೇ ಲೆಕ್ಕ ಇಟ್ಕೊಳ್ಳಿ: ಮೊಲ 12 ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ರೆ ಅದು ನಾಳೆ ನೋಡೋಣ ಅನ್ನೋ ಕಾಯಿಲೆ ಅಲ್ಲ, ಆ ಹೊತ್ತು ತುಂಬೋವರೆಗೂ ಕಾಯಬೇಡಿ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ರೆ ಬಾಯಿಗೆ ಏನನ್ನೂ ತುರುಕಬೇಡಿ, ನೇರವಾಗಿ ಪಶು ಆಸ್ಪತ್ರೆಗೆ ಹೋಗಿ. ಇನ್ನೊಂದು, ರಾತ್ರಿ ಹೊತ್ತು ಅದು ಮೆತ್ತಗಿನ ಹಿಕ್ಕೆ ಹಾಕಿ ತಾನೇ ತಿನ್ನೋದು ಕಂಡ್ರೆ ಗಾಬರಿ ಬೇಡ. ಅದು ಮೊಲದ ಮೆಲುಕು ಇದ್ದ ಹಾಗೆ, ತಿನ್ನಲೇಬೇಕು.

ಈಗ ನಮ್ಮ ಹೊಲದಲ್ಲೇ ಸಿಗೋ ಒಳ್ಳೆ ತಿಂಡಿಗಳು. ಪೇಟೇಲಿ ಬಣ್ಣಬಣ್ಣದ ಕಾಳಿನ ಪೊಟ್ಟಣ ಮಾರ್ತಾರೆ, ಮೊಸರಿನ ಗುಳಿಗೆ ಅಂತಾನೂ ಬರುತ್ತೆ. ಬೆಳೆದ ಮೊಲಕ್ಕೆ ಹಾಲು ಮೊಸರು ಅರಗಲ್ಲ, ಆ ದುಡ್ಡು ಉಳಿಸಿ.

ಹಿಪ್ಪುನೇರಳೆ ಎಲೆ: ನಮ್ಮ ಕಡೆಯೋರಿಗೆ ಇದಕ್ಕಿಂತ ಒಳ್ಳೆ ತಿಂಡಿ ಇಲ್ಲ. ಒಂದೆರಡು ಎಲೆ, ಜೊತೆಗೆ ಬೆರಳು ದಪ್ಪದ ಕಡ್ಡಿ ಕೊಟ್ರೆ ತೊಗಟೆ ಸುಲಿದು ತಿನ್ನುತ್ತೆ, ಹಲ್ಲಿಗೂ ಕೆಲಸ. ಆದ್ರೆ ಹುಳು ಮನೆಯಿಂದ ಎತ್ತಿದ ಮಿಕ್ಕಿದ ಸೊಪ್ಪು ಬೇಡ. ಹಾಸಿಗೆಗೆ ಸುಣ್ಣ, ಸೋಂಕು ನಿವಾರಕ ಪುಡಿ ಎರಚಿರ್ತೀವಿ, ಹುಳುವಿನ ಹಿಕ್ಕೆ ಸೇರಿರುತ್ತೆ. ತೋಟದಿಂದ ನೇರ ತಂದ ಎಲೆ ಮಾತ್ರ, ಅದೂ ತೋಟಕ್ಕೆ ಔಷಧಿ ಹೊಡೆದು ಹುಳುವಿಗೆ ಕಾಯೋ ದಿನ ಮುಗಿದ ಮೇಲೆ.

ಕ್ಯಾರೆಟ್: ಮೊಲ ಅಂದ್ರೆ ಕ್ಯಾರೆಟ್ ಅಂತ ಮಕ್ಕಳ ಪುಸ್ತಕದಲ್ಲಿ ಚಿತ್ರ ಇರುತ್ತೆ. ಗೆಡ್ಡೇಲಿ ಸಕ್ಕರೆ ಜಾಸ್ತಿ, ತೆಳ್ಳಗೆ ಒಂದೆರಡು ಬಿಲ್ಲೆ ಸಾಕು, ದಿನಾ ಬೇಡ. ಮೇಲಿನ ಸೊಪ್ಪು ಗೆಡ್ಡೆಗಿಂತ ಒಳ್ಳೇದು, ನಾವು ಕಿತ್ತು ಎಸೆಯೋದೇ ಅದನ್ನ.

ಕೊತ್ತಂಬರಿ, ಪುದೀನ, ತುಳಸಿ: ಒಂದೆರಡು ಎಸಳು, ಕಡ್ಡಿ ಸಮೇತ. ಮೂಲಂಗಿ ಸೊಪ್ಪೂ ಸ್ವಲ್ಪ ಆಗುತ್ತೆ. ಪಾಲಕ್, ದಂಟು ಅಪರೂಪಕ್ಕೆ ಮಾತ್ರ, ಆಕ್ಸಲೇಟ್ ಅಂಶ ಹೆಚ್ಚು. ಕೋಸು, ಹೂಕೋಸಿನ ಎಲೆ ಗ್ಯಾಸ್ ಮಾಡುತ್ತೆ, ಅಂಗೈ ಅಗಲಕ್ಕಿಂತ ಹೆಚ್ಚು ಬೇಡ.

ದಾಸವಾಳದ ಹೂವು: ಮನೆ ಮುಂದಿನ ಗಿಡದ್ದು ಒಂದು ಹೂವು ಕೊಟ್ರೆ ಮಕ್ಕಳಿಗೂ ನೋಡೋಕೆ ಚೆಂದ. ದೇವರಿಗೆ ಹಾಕಿದ ಹಾರ ಬಿಚ್ಚಿ ಹಾಕಬೇಡಿ. ಸೇವಂತಿ, ಗುಲಾಬಿಗೆ ನಾವೇ ಎಷ್ಟು ಸಲ ಔಷಧಿ ಹೊಡೀತೀವಿ ಅಂತ ಬೆಳೆದೋರಿಗೆ ಗೊತ್ತು, ಸೇವಂತಿ ಗಿಡವೂ ಮೊಲಕ್ಕೆ ಒಗ್ಗಲ್ಲ.

ಕುದುರೆ ಮಸಾಲೆ ಸೊಪ್ಪು: ಆರು ತಿಂಗಳೊಳಗಿನ ಮರಿಗೆ, ಗಬ್ಬದ ಮೊಲಕ್ಕೆ ಒಳ್ಳೇದು. ಬೆಳೆದ ಮೊಲಕ್ಕೆ ಇದನ್ನೇ ಊಟ ಮಾಡಬೇಡಿ. ಇದರಲ್ಲಿ ಸುಣ್ಣದ ಅಂಶ ಹೆಚ್ಚು. ಮೊಲ ತಿಂದ ಸುಣ್ಣದಲ್ಲಿ ಹೆಚ್ಚಾದದ್ದನ್ನ ಮೂತ್ರದಲ್ಲಿ ಹೊರಹಾಕುತ್ತೆ, ಅತಿಯಾದ್ರೆ ಮೂತ್ರ ಗಟ್ಟಿ ಬೆಳ್ಳಗಾಗಿ ಕಲ್ಲು ಕಟ್ಟುತ್ತೆ. ನುಗ್ಗೆ ಸೊಪ್ಪಿಗೂ ಇದೇ ಲೆಕ್ಕ.

ಹಣ್ಣು: ಸೀಬೆ, ಪರಂಗಿ, ಸೇಬು, ಬಾಳೆ, ಮಾವು ಯಾವುದಾದ್ರೂ ಒಂದು ಚಮಚದಷ್ಟು, ವಾರಕ್ಕೆ ಎರಡು ಸಲ. ಬೀಜ ತೆಗೆದು ಕೊಡಿ. ಸೇಬಿನ ಬೀಜ, ಸೀತಾಫಲದ ಬೀಜ ವಿಷ. ಬೆಣ್ಣೆಹಣ್ಣು ಮಾತ್ರ ಒಂದು ತುಂಡೂ ಬೇಡ, ಎಲೆಯೂ ಬೇಡ. ಈಗ ನಮ್ಮ ಕಡೆಯೂ ಬೆಣ್ಣೆಹಣ್ಣಿನ ಗಿಡ ಹಾಕ್ತಿದ್ದಾರೆ, ಅದಕ್ಕೇ ಒತ್ತಿ ಹೇಳ್ತಿದ್ದೀನಿ. ಅದರಲ್ಲಿರೋ ಪರ್ಸಿನ್ ಅನ್ನೋದು ಮೊಲದ ಹೃದಯಕ್ಕೆ ಕುತ್ತು.

ಬೇಡವೇ ಬೇಡ ಅನ್ನೋವು: ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು, ಟೊಮ್ಯಾಟೊ ಮತ್ತು ಆಲೂಗಡ್ಡೆ ಗಿಡದ ಸೊಪ್ಪು, ಮರಗೆಣಸಿನ ಎಲೆ, ಜೋಳದ ಎಳೆ ಪೈರು, ಹರಳು, ಎಕ್ಕ, ಕಣಗಿಲೆ, ಉಮ್ಮತ್ತಿ, ಲಂಟಾನ, ಪಾರ್ಥೇನಿಯಂ. ಬೂಷ್ಟು ಹಿಡಿದ ಕಡಲೇಕಾಯಿ, ಅದರ ಹಿಂಡಿ ಕೂಡ ಬೇಡ. ಮೇವು ಕತ್ತರಿಸೋ ಯಂತ್ರಕ್ಕೆ ಹಾಕಿ ರಾಶಿ ಮಾಡಿದ ಹಸಿ ಹುಲ್ಲು ಒಳಗೆ ಬಿಸಿಯಾಗಿರುತ್ತೆ. ದನ ತಡ್ಕೊಳ್ಳುತ್ತೆ, ಮೊಲ ತಡ್ಕೊಳ್ಳಲ್ಲ.

ಹೊಸ ಸೊಪ್ಪು ಯಾವುದೇ ಆಗಲಿ, ಒಂದು ಸಲಕ್ಕೆ ಒಂದೇ, ಒಂದೆರಡು ಎಲೆ. ಮಾರನೇ ದಿನ ಹಿಕ್ಕೆ ನೋಡಿ. ದುಂಡಗೆ, ಒಣಗಿ, ಒಂದೇ ಗಾತ್ರಕ್ಕಿದ್ರೆ ಮುಂದುವರಿಸಿ.

ಇಷ್ಟೆಲ್ಲ ಪಟ್ಟಿ ಹೇಳಿದ್ರೂ ನಮ್ಮಂಥ ತರಕಾರಿ ಬೆಳೆಯೋ ಊರಲ್ಲಿ ಮೊಲಕ್ಕೆ ದೊಡ್ಡ ಅಪಾಯ ಯಾವ ಗಿಡ ಅನ್ನೋದಲ್ಲ, ಆ ಗಿಡದ ಮೇಲೆ ಏನು ಬಿದ್ದಿದೆ ಅನ್ನೋದು. ಪಕ್ಕದೂರಿನ ಸ್ನೇಹಿತರೊಬ್ಬರ ಮನೇಲಿ ಜೋಡಿ ಮೊಲ ಇತ್ತು. ಕೋಸು ಕೊಯ್ಯೋ ಆಳುಗಳು ಮಕ್ಕಳಿಗೆ ಅಂತ ಹೊರಗಿನ ಎಲೆ ಒಂದು ತೆಕ್ಕೆ ತಂದು ಗೂಡಿಗೆ ಹಾಕಿದ್ರು. ಎರಡೂ ಎರಡು ದಿನದೊಳಗೆ ಹೋದ್ವು. ಅದರಿಂದಲೇ ಅಂತ ಪರೀಕ್ಷೆ ಮಾಡಿಸಲಿಲ್ಲ, ಗ್ಯಾಸಿಂದಲೂ ಆಗಿರಬಹುದು. ಆದ್ರೆ ಆ ಹೊಲಕ್ಕೆ ಆ ವಾರವೇ ಔಷಧಿ ಹೊಡೆದಿತ್ತು. ಅವರಿಗೆ ಹೇಳಿಯೇ ಇದನ್ನ ಬರೀತಿದ್ದೀನಿ, "ಬರಿ, ಇನ್ನೊಬ್ರ ಮನೇದಾದ್ರೂ ಉಳೀಲಿ" ಅಂದ್ರು. ಸಿಂಪಡಣೆ ಹೆಚ್ಚು ಬೀಳೋದೇ ಹೊರಗಿನ ಎಲೆಗೆ. ಗಿಡದೊಳಗೇ ಸೇರೋ ಔಷಧಿ ಆದ್ರೆ ಎಷ್ಟು ತೊಳೆದ್ರೂ ಹೋಗಲ್ಲ.

ಬದುವಿನ ಹುಲ್ಲಿನ ಕಥೆಯೂ ಅದೇ. ಆಳು ಸಿಗಲ್ಲ ಅಂತ ಈಗ ಎಲ್ಲರೂ ಬದುವಿಗೆ ಕಳೆನಾಶಕ ಹೊಡೀತೀವಿ. ಗ್ಲೈಫೊಸೇಟ್ ಹೊಡೆದ ಗರಿಕೆ ಮಾರನೇ ದಿನವೂ ಹಸಿರಾಗೇ ಇರುತ್ತೆ, ಹಳದಿಯಾಗೋಕೆ ವಾರ ಬೇಕು. ಹಸಿರು ನೋಡಿ ಮಕ್ಕಳು ಕಿತ್ತು ತಂದ್ರೆ ಅವರಿಗೇನು ಗೊತ್ತಾಗುತ್ತೆ? ಮೊಲಕ್ಕೆ ಗರಿಕೆ ಬೇಕು ಅಂತ ನಮ್ಮ ಹೊಲದ ಸುತ್ತ ಒಂದು ಸಂಜೆ ತಿರುಗಿದೆ. ನಮ್ಮದು, ಅಕ್ಕಪಕ್ಕದ ಇಬ್ಬರದು, ಮೂವರ ಹೊಲದಲ್ಲಿ ಔಷಧಿ ಬೀಳದ ಬದು ಅಂತ ನಿಶ್ಚಿಂತೆಯಿಂದ ತೋರಿಸೋಕೆ ಸಿಕ್ಕಿದ್ದು ಒಂದೇ, ಬಾವಿ ಹತ್ತಿರದ ಮೂವತ್ತು ಅಡಿ. ಗಣಪತಿ ಹಬ್ಬಕ್ಕೆ ಗರಿಕೆ ಕಿತ್ತು ತರೋದೂ ಇದೇ ಬದುಗಳಿಂದ ತಾನೇ.

ಆ ಮೂವತ್ತು ಅಡೀನ ಈಗ ಹಾಗೇ ಬಿಟ್ಟಿದ್ದೀವಿ. ಎರಡು ಕಡೆ ಗೂಟ ಹೊಡೆದು ಹಳೇ ಸೀರೆ ತುಂಡು ಕಟ್ಟಿದ್ದೀವಿ, ಔಷಧಿ ಹೊಡೆಯೋಕೆ ಬರೋರಿಗೆ ಗೊತ್ತಾಗಲಿ ಅಂತ. ಅಮ್ಮ ಮೊದಮೊದಲು "ಪಾಪ, ಮನೇಲಿರೋ ಜೀವಕ್ಕೆ ಬರೀ ಹುಲ್ಲು ಹಾಕ್ತೀರಲ್ಲೋ, ಒಂದು ತುತ್ತು ಅನ್ನ ಹಾಕಬಾರ್ದಾ" ಅಂತಿದ್ರು. ಯುಗಾದಿ ಆದ ಮೇಲೆ ಅವರೇ ಬೆಳಗ್ಗೆ ಸೀರೆ ಕಟ್ಟಿದ ಜಾಗದಿಂದ ಗರಿಕೆ ಕಿತ್ತು, ತೊಳೆದು, ನೀರು ಸೋರಿಸಿ ತಂದು ಹಾಕ್ತಾರೆ. ನೆಂಟರ ಮಕ್ಕಳು ಬಂದ್ರೆ ಅವರ ಕೈಗೂ ಅದನ್ನೇ ಕೊಡ್ತಾರೆ. ಮಕ್ಕಳಿಗೆ ಮೊಲ ತಮ್ಮ ಕೈಯಿಂದ ತಿನ್ನಬೇಕು ಅಷ್ಟೇ, ಅದು ಒಬ್ಬಟ್ಟಾದ್ರೇನು, ಗರಿಕೆಯಾದ್ರೇನು.

ನಿಮ್ಮ ಮನೇಲೂ ಮೊಲ ಇದ್ರೆ ಎರಡು ಕೆಲಸ ಮಾಡಿ. ಬೇಡದ ಸೊಪ್ಪಿನ ಹೆಸರು ಮಕ್ಕಳ ಕೈಲೇ ಬರೆಸಿ ಗೂಡಿನ ಮೇಲೆ ಅಂಟಿಸಿ, ನೆಂಟರು ಓದಲಿ. ಹೊಲದಲ್ಲಿ ಒಂದು ತುಂಡು ಬದು ಔಷಧಿ ಇಲ್ಲದೆ ಬಿಡಿ, ಎಷ್ಟಾದ್ರೂ ಸರಿ. ಮೊಲ ಇಲ್ಲದೋರೂ ಬಿಡಬಹುದು, ಕರುವಿಗೂ ಆಗುತ್ತೆ, ದೇವರಿಗೂ ಆಗುತ್ತೆ. ಮಳೆ ಬಿದ್ದಿದೆ, ಗರಿಕೆ ಚಿಗುರೋ ಕಾಲ ಇದು. ಈ ಸಲ ಪಂಪು ಹೆಗಲಿಗೆ ಏರಿಸೋ ಮುಂಚೆ ಯಾವ ತುಂಡು ಬಿಡೋದು ಅಂತ ಒಂದು ಸುತ್ತು ನೋಡ್ಕೊಂಡು ಬನ್ನಿ.